ಸೋಜ ಎಂಬ ಪೋರ್ಚುಗೀಸ್ ಕುಲನಾಮದ ಮೂಲ ಹುಡುಕುವ ಬಗೆ

ಪೋರ್ಚುಗಲ್ಲಿನ ಉತ್ತರದಲ್ಲಿ, ಫೆಲ್ಗೇರಸ್ ಸೀಮೆಯ ಗುಡ್ಡಗಳಲ್ಲಿ ಹುಟ್ಟುವ ಒಂದು ಸಣ್ಣ ಹೊಳೆ ಲೋಜಾದ, ಪೆನಾಫಿಯೆಲ್, ಪರೇದೆಸ್ ಸೀಮೆಗಳನ್ನು ಹಾದು, ಪೋರ್ತೊ ನಗರಕ್ಕಿಂತ ಸ್ವಲ್ಪ ಮೇಲೆ ದೋರು ಎಂಬ ದೊಡ್ಡ ನದಿಯನ್ನು ಕೂಡುತ್ತದೆ. ಆ ಹೊಳೆಯ ಹೆಸರು ಸೋಜ. ಅದು ದೋರುವನ್ನು ಸೇರುವ ಕಡೆಯಲ್ಲಿರುವ ಊರನ್ನು ಫೋಸ್ ದು ಸೋಜ ಎಂದು ಕರೆಯುತ್ತಾರೆ. ನಮ್ಮ ಕರಾವಳಿಯ ಮಾತಿನಲ್ಲಿ ಹೇಳುವುದಾದರೆ ಸೋಜದ ಅಳಿವೆ. ಲಿಸ್ಬನ್ನಿನ ಸೋಜ, ಬ್ರೆಜಿಲಿನ ಸೋಜ, ಗೋವೆಯ ಮತ್ತು ಮಂಗಳೂರಿನ ಡಿಸೋಜ, ಈ ಎಲ್ಲ ಹೆಸರುಗಳೂ ಕೊನೆಗೆ ಹೋಗಿ ಮುಟ್ಟುವುದು ಈ ಹೊಳೆಯ ದಂಡೆಯನ್ನೇ. ಆದರೆ ಹೆಸರು ಅಲ್ಲಿಗೆ ಹೋಗಿ ಮುಟ್ಟುತ್ತದೆ ಎಂದ ಮಾತ್ರಕ್ಕೆ ಆ ಹೆಸರಿನ ಕುಟುಂಬವೂ ಅಲ್ಲಿಂದಲೇ ಬಂದಿದೆ ಎಂದಾಗುವುದಿಲ್ಲ. ಹೆಸರಿನ ಚರಿತ್ರೆ ಬೇರೆ, ಮನೆಯ ಚರಿತ್ರೆ ಬೇರೆ. ಇವೆರಡನ್ನೂ ಬೆರೆಸದೆ, ಒಂದೊಂದನ್ನು ಅದರದರ ದಾಖಲೆಯಲ್ಲಿ ಹುಡುಕುವುದು ಹೇಗೆ ಎಂಬುದನ್ನು ಸೋಜ ಎಂಬ ಒಂದೇ ಹೆಸರನ್ನು ಹಿಡಿದು ಇಲ್ಲಿ ವಿವರಿಸುತ್ತೇನೆ. ಬೇರೆ ಪೋರ್ಚುಗೀಸ್ ಕುಲನಾಮ ಇರುವವರೂ ಇದೇ ದಾರಿಯಲ್ಲಿ ಹೋಗಬಹುದು.

ಹೆಸರಿನ ರೂಪವನ್ನು ಮೊದಲು ಬಿಡಿಸಿಕೊಳ್ಳಿ

ಹುಡುಕಾಟಕ್ಕೆ ಕೂರುವ ಮೊದಲು ಹೆಸರನ್ನು ಹಿಂದಿನವರು ಯಾವ ಯಾವ ಬಗೆಯಲ್ಲಿ ಬರೆದಿದ್ದಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಪೋರ್ಚುಗೀಸರಲ್ಲಿ ಕಾಗುಣಿತಕ್ಕೆ ಒಂದು ಅಧಿಕೃತ ನಿಯಮ ಬಂದದ್ದು 1911ರ ಸುಧಾರಣೆಯಲ್ಲಿ. ಅದಕ್ಕೂ ಮೊದಲು ಸೋಜ ಎಂಬುದನ್ನು ಒಬ್ಬ ಪಾದ್ರಿ ಎಸ್ ಅಕ್ಷರ ಹಾಕಿ ಬರೆದರೆ, ಅದೇ ಚರ್ಚಿಗೆ ಅವನ ನಂತರ ಬಂದವನು ಜ಼ಡ್ ಹಾಕಿ ಬರೆಯುತ್ತಿದ್ದ. ಒಂದೇ ಪುಟದಲ್ಲಿ ಎರಡೂ ರೂಪಗಳು ಸಿಗುವುದುಂಟು. ಸುಧಾರಣೆಯ ನಂತರ ಪೋರ್ಚುಗಲ್ಲಿನಲ್ಲಿ ಎಸ್ ಉಳಿಯಿತು, ಬ್ರೆಜಿಲ್ ಮತ್ತು ಭಾರತದಲ್ಲಿ ಹಳೆಯ ಜ಼ಡ್ ಹೆಚ್ಚಾಗಿ ಉಳಿದುಕೊಂಡಿತು. ಹೀಗಾಗಿ ಅಕ್ಷರದ ಈ ವ್ಯತ್ಯಾಸದಿಂದ ಇದು ಬೇರೆ ಮನೆತನ, ಅದು ಬೇರೆ ಮನೆತನ ಎಂದು ತೀರ್ಮಾನಿಸುವುದು ಸಲ್ಲದು. ಯಾವುದೇ ಸೂಚಿಯಲ್ಲಿ ಹುಡುಕುವಾಗ ಎರಡೂ ರೂಪಗಳನ್ನು ಹಾಕಿ ಹುಡುಕಬೇಕು.

ಹೆಸರಿನ ಮುಂದಿರುವ ಡಿ ಎಂಬುದರ ವಿಷಯವೂ ಹೀಗೆಯೇ. ಪೋರ್ಚುಗೀಸಿನಲ್ಲಿ ಅದು ದೆ ಎಂಬ ಸಂಬಂಧಸೂಚಕ ಪದ. ಕನ್ನಡದ ಷಷ್ಠಿಯ ಹಾಗೆ ಇಂಥದರ, ಇಂಥಲ್ಲಿಯ ಎಂಬ ಅರ್ಥ ಕೊಡುತ್ತದೆ. ದೆ ಸೋಜ ಎಂದರೆ ಸೋಜದವನು. ಮುಂದಿನ ಪದದ ಲಿಂಗ ವಚನಗಳಿಗೆ ತಕ್ಕಂತೆ ಅದು ದ, ದು, ದುಸ್ ಎಂದೂ ಆಗುತ್ತದೆ: ದ ಸಿಲ್ವ, ದ ಕೋಸ್ತ, ದು ರೊಜಾರಿಯು, ದುಸ್ ಸಾಂತುಸ್. ಭಾರತದಲ್ಲಿ ಇಂಗ್ಲಿಷ್ ಬರವಣಿಗೆಯ ಪ್ರಭಾವದಿಂದ ದೆ ಮತ್ತು ದ ಎರಡೂ ಒಂದು ದೊಡ್ಡ ಡಿ ಅಕ್ಷರ, ಅದರ ತಲೆಯ ಪಕ್ಕದಲ್ಲಿ ಅಪಾಸ್ಟ್ರಫಿ ಎಂಬ ಚುಕ್ಕಿ ಎಂಬ ಒಂದೇ ಅಚ್ಚಿಗೆ ಬಂದವು. ಡಿಸೋಜ, ಡಿಸಿಲ್ವ, ಡಿಕೋಸ್ತ, ಡಿಕುನ್ಹ ಎಲ್ಲ ಹಾಗೆ ಆದ ರೂಪಗಳು. ಪೋರ್ಚುಗೀಸಿನಲ್ಲಿ ಆ ಚುಕ್ಕಿ ಬರುವುದು ಮುಂದಿನ ಪದ ಸ್ವರದಿಂದ ಆರಂಭವಾದಾಗ ಮಾತ್ರ. ಆದ್ದರಿಂದ ಅಲ್ಲಿನ ದಾಖಲೆಗಳಲ್ಲಿ ಡಿಸೋಜ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ದೆ ತೆಗೆದು ಸೋಜ ಎಂದೇ ಹುಡುಕಬೇಕು. ಈ ದೆ ಇದ್ದರೆ ಕುಲೀನ ಮನೆತನ, ಇಲ್ಲದಿದ್ದರೆ ಸಾಮಾನ್ಯರು ಎಂಬ ನಂಬಿಕೆ ಪೋರ್ಚುಗಲ್ಲಿನ ಮಟ್ಟಿಗೆ ಸರಿಯಲ್ಲ. ಒಬ್ಬನೇ ಮನುಷ್ಯ ಮದುವೆಯ ದಾಖಲೆಯಲ್ಲಿ ದೆ ಸೋಜ ಆಗಿಯೂ, ಮರಣದ ದಾಖಲೆಯಲ್ಲಿ ಬರಿಯ ಸೋಜ ಆಗಿಯೂ ಇರುತ್ತಾನೆ.

ಉಚ್ಚಾರದ ಬಗ್ಗೆ ಒಂದು ಮಾತನ್ನು ಸಂತೋಷದಿಂದಲೇ ಸೇರಿಸುತ್ತೇನೆ. ಇಂಗ್ಲಿಷಿನ ಕಾಗುಣಿತ ನೋಡಿ ಓದುವವರು ಡಿಸೂಜಾ, ಡಿಸೌಜಾ ಎಂದೆಲ್ಲ ಹೇಳುತ್ತಾರೆ. ಪೋರ್ಚುಗೀಸರ ಬಾಯಲ್ಲಿ ಅದು ಓಕಾರದ್ದೇ, ಸೋಜ. ಕನ್ನಡದಲ್ಲಿ ನಾವು ಬರೆಯುವ ಡಿಸೋಜ, ಮಂಗಳೂರಿನ ಕೊಂಕಣಿಯವರು ಮನೆಯಲ್ಲಿ ಹೇಳುವ ಸೋಜ್, ಈ ಎರಡೂ ಮೂಲದ ಸ್ವರವನ್ನು ಹಾಗೆಯೇ ಕಾಪಾಡಿಕೊಂಡಿವೆ.

ಯಾವ ಜಾತಿಯ ಹೆಸರು ಎಂದು ತಿಳಿಯುವುದು

ಪೋರ್ಚುಗೀಸ್ ಕುಲನಾಮಗಳು ಹುಟ್ಟಿದ ಬಗೆಗಳು ಬಹಳವಿಲ್ಲ. ತಂದೆಯ ಹೆಸರಿಗೆ ಎಸ್ ಎಂಬ ಬಾಲ ಸೇರಿ ಆದವು ಕೆಲವು: ಫೆರ್ನಾಂದುವಿನ ಮಗ ಫೆರ್ನಾಂಡಿಸ್, ರೊದ್ರಿಗುವಿನ ಮಗ ರೊಡ್ರಿಗಸ್, ಗೊನ್ಸಾಲುವಿನ ಮಗ ಗೊನ್ಸಾಲ್ವಿಸ್, ಲೋಪುವಿನ ಮಗ ಲೋಪಿಸ್. ಮರಗಿಡಗಳಿಂದ ಬಂದವು ಕೆಲವು: ಪಿರೇರ ಎಂದರೆ ಪೇರ್ ಹಣ್ಣಿನ ಮರ, ಒಲಿವೇರ ಎಂದರೆ ಆಲಿವ್ ಮರ, ಕರ್ವಾಲ್ಹೊ ಎಂದರೆ ಓಕ್ ಮರ. ಪ್ರಾಣಿಗಳಿಂದ ಬಂದವು ಲೋಬೊ ಎಂಬ ತೋಳ, ಕುವೆಲ್ಹೊ ಎಂಬ ಮೊಲ, ಪಿಂಟೊ ಎಂಬ ಕೋಳಿಮರಿ. ಭಕ್ತಿಯಿಂದ ಇಟ್ಟುಕೊಂಡವು ಕ್ರೂಜ್, ರೊಜಾರಿಯೊ, ಸಾಂತುಸ್. ಉಳಿದ ದೊಡ್ಡ ಗುಂಪು ಸ್ಥಳನಾಮಗಳದ್ದು. ಸೋಜ ಈ ಗುಂಪಿಗೆ ಸೇರಿದ್ದು. ಸ್ಥಳನಾಮಗಳ ವಿಷಯದಲ್ಲಿ ಆ ಸ್ಥಳ ಪೋರ್ಚುಗಲ್ಲಿನದೇ ಆಗಿರಬೇಕೆಂದಿಲ್ಲ; ನೊರೊನ್ಹ, ಸಲ್ಡಾನ್ಹ, ಮಿನೇಜಸ್ ಎಂಬ ಹೆಸರುಗಳ ಮೂಲ ಊರುಗಳು ಇಂದಿನ ಸ್ಪೇನಿನಲ್ಲಿವೆ.

ತಂದೆಯ ಹೆಸರಿನಿಂದ ಆದ ಕುಲನಾಮ ಸಾವಿರ ಕಡೆ ಸಾವಿರ ಬಾರಿ ಹುಟ್ಟಿರುತ್ತದೆ. ಅದಕ್ಕೆ ಒಂದು ಮೂಲ ಎಂಬುದೇ ಇಲ್ಲ. ಸ್ಥಳನಾಮವಾದರೆ ಕನಿಷ್ಠ ಹೆಸರಿಗೊಂದು ನೆಲ ಇರುತ್ತದೆ, ಮತ್ತು ಸೋಜದಂಥ ಹೊಳೆಯ ಹೆಸರಾದರೆ ಆ ನೆಲವನ್ನು ನಕಾಶೆಯಲ್ಲಿ ಬೆರಳಿಟ್ಟು ತೋರಿಸಬಹುದು. ಹೊಳೆಯ ಹೆಸರು ಮನೆತನಕ್ಕಿಂತ ಹಳೆಯದು. ಆ ಪದದ ಮೂಲಾರ್ಥವನ್ನು ಕೆಲವರು ಬಂಡೆಗಳು ಎಂಬ ಲ್ಯಾಟಿನ್ ಪದಕ್ಕೆ, ಕೆಲವರು ಉಪ್ಪು ಎಂಬುದಕ್ಕೆ ಒಯ್ಯುತ್ತಾರೆ. ಹೆಸರಿನ ಅರ್ಥ ಹೇಳುವ ಕೋಶಗಳು ಇಂಥ ಊಹೆಯಲ್ಲಿ ಒಂದನ್ನು ಆರಿಸಿ ನಿಶ್ಚಯವೆಂಬಂತೆ ಅಚ್ಚು ಹಾಕುತ್ತವೆ. ಕುಟುಂಬದ ಚರಿತ್ರೆ ಬರೆಯುವವರಿಗೆ ಹೊಳೆ ಎಲ್ಲಿದೆ ಎಂಬುದು ಮುಖ್ಯ; ಹೊಳೆಯ ಹೆಸರಿಗೆ ಉಪ್ಪು ಎಂಬ ಅರ್ಥವಿತ್ತೋ ಇಲ್ಲವೋ ಎಂಬುದರಿಂದ ಅವರಿಗೆ ಒಬ್ಬ ಅಜ್ಜನೂ ಸಿಗುವುದಿಲ್ಲ.

ಮರ ಮತ್ತು ಪ್ರಾಣಿಗಳ ಹೆಸರಿದ್ದರೆ ಆ ಕುಟುಂಬ ಮೂಲದಲ್ಲಿ ಯಹೂದಿಗಳದ್ದು ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಇದಕ್ಕೆ ಆಧಾರವಿಲ್ಲ. 1496ರ ಡಿಸೆಂಬರಿನಲ್ಲಿ ಮನುಎಲ್ ದೊರೆ ಯಹೂದಿಗಳನ್ನು ಹೊರಗಟ್ಟುವ ಆಜ್ಞೆ ಹೊರಡಿಸಿ, ಮರುವರ್ಷ ಬಲವಂತದಿಂದ ಅವರಿಗೆ ಜ್ಞಾನಸ್ನಾನ ಮಾಡಿಸಿದಾಗ, ಹೊಸ ಕ್ರೈಸ್ತರೆನಿಸಿಕೊಂಡ ಆ ಜನ ಸುತ್ತಲಿನ ಹಳೆಯ ಕ್ರೈಸ್ತರಲ್ಲಿ ಬಳಕೆಯಲ್ಲಿದ್ದ ಹೆಸರುಗಳನ್ನೇ ಇಟ್ಟುಕೊಂಡರು. ಸೋಜ, ಪಿರೇರ, ರೊಡ್ರಿಗಸ್ ಎಲ್ಲವೂ ಅವರಲ್ಲಿದ್ದವು, ಅವರಲ್ಲದವರಲ್ಲೂ ಇದ್ದವು. ನಿಮ್ಮ ಹುಡುಕಾಟ ಆ ಕಡೆಗೆ ಹೋಗುವುದಾದರೆ ಹೆಸರನ್ನು ನಂಬಬೇಡಿ, 1536ರಿಂದ 1821ರವರೆಗೆ ನಡೆದ, ಜನರ ಮತನಿಷ್ಠೆಯ ವಿಚಾರಣೆ ಮಾಡುತ್ತಿದ್ದ ಇನ್‌ಕ್ವಿಸಿಷನ್ ನ್ಯಾಯಾಲಯದ ಕಡತಗಳನ್ನು ನೋಡಿ.

ದೊಡ್ಡಮನೆಯ ಕಥೆಯನ್ನು ಓದುವುದು ಹೇಗೆ

ಸೋಜ ಎಂಬ ಹೆಸರಿಗೆ ಪೋರ್ಚುಗಲ್ಲಿನ ಅತಿ ಹಳೆಯ ಕುಲೀನ ಮನೆತನಗಳಲ್ಲೊಂದರ ನಂಟಿದೆ. ವಂಶಾವಳಿಕಾರರು 11ನೆಯ ಶತಮಾನದ ಎಗಸ್ ಗೋಮೆಸ್ ದೆ ಸೋಜ ಎಂಬ ನಾಡಪ್ರಭುವನ್ನು ಈ ಹೆಸರು ಧರಿಸಿದ ಮೊದಲಿಗನೆಂದು ಎಣಿಸುತ್ತಾರೆ. ಅವನ ಹೆಸರನ್ನು ಬಿಡಿಸಿ ನೋಡಿದರೆ ಆ ಕಾಲದ ಹೆಸರಿನ ಪದರಗಳು ತಿಳಿಯುತ್ತವೆ: ಎಗಸ್ ಎಂಬುದು ಇಟ್ಟ ಹೆಸರು, ಗೋಮೆಸ್ ಎಂಬುದು ತಂದೆಯ ಹೆಸರು, ದೆ ಸೋಜ ಎಂಬುದು ಅವನು ಹಿಡಿದಿದ್ದ ಸೀಮೆ. ಫೆಲ್ಗೇರಸ್ ಬಳಿಯ ಪೊಂಬೇರು ಎಂಬಲ್ಲಿನ ಬೆನೆಡಿಕ್ಟೀನ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಈ ಮನೆಯವರು ಪೋಷಕರಾಗಿದ್ದರು. ಮಠದ ಕಲ್ಲಿನ ಕಟ್ಟಡ ಇಂದಿಗೂ ನಿಂತಿದೆ. ಸೋಜ ಕಣಿವೆಗೆ ಹೋಗುವವರು ನೋಡಲೇಬೇಕಾದ ಜಾಗವದು.

ಈ ಮನೆತನದ ಮುಖ್ಯ ಗಂಡು ಸಂತತಿ 13ನೆಯ ಶತಮಾನ ಮುಗಿಯುವಷ್ಟರಲ್ಲಿ ನಿಂತುಹೋಯಿತು. ಆಸ್ತಿಯೂ ಹೆಸರೂ ಹೆಣ್ಣುಮಕ್ಕಳ ಮೂಲಕ ಮುಂದೆ ಹೋದವು. 1248ರಿಂದ 1279ರವರೆಗೆ ಆಳಿದ ಮೂರನೆಯ ಅಫೊನ್ಸು ದೊರೆಗೆ ಮದುವೆಯಾಚೆ ಹುಟ್ಟಿದ ಇಬ್ಬರು ಗಂಡುಮಕ್ಕಳು, ಅಫೊನ್ಸು ದಿನಿಸ್ ಮತ್ತು ಮಾರ್ತಿಂ ಅಫೊನ್ಸು ಶಿಶೋರು, ಸೋಜ ಮನೆಯ ವಾರಸುದಾರ ಹೆಣ್ಣುಗಳನ್ನು ಮದುವೆಯಾದರು. ಅವರ ಸಂತಾನ ತಾಯಿಯ ಕಡೆಯ ಸೋಜ ಎಂಬ ಹೆಸರನ್ನೇ ಹೊತ್ತುಕೊಂಡು ಎರಡು ದೊಡ್ಡ ಶಾಖೆಗಳಾಗಿ ಬೆಳೆಯಿತು. ಇದನ್ನು ನಾನು ವಿಸ್ತಾರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಪೋರ್ಚುಗಲ್ಲಿನ ಅತ್ಯಂತ ಪ್ರಸಿದ್ಧ ಸೋಜರೇ, ಚರಿತ್ರೆಯ ಪುಸ್ತಕದಲ್ಲಿ ಹೆಸರಿರುವವರೇ, ಗಂಡು ಸಾಲಿನಲ್ಲಿ ಲೆಕ್ಕ ಹಾಕಿದರೆ ಸೋಜರಲ್ಲ, ರಾಜವಂಶದವರು. ಕುಲನಾಮವೆಂದರೆ ತಂದೆಯಿಂದ ಮಗನಿಗೆ ಕಡಿಯದೆ ಬರುವ ದಾರ ಎಂದುಕೊಂಡು ಹೊರಟರೆ ಅರಮನೆಯ ಮಟ್ಟದಲ್ಲಿಯೇ ಆ ದಾರ ಕಡಿಯುತ್ತದೆ.

ಹಳೆಯ ಸೋಜರ ಲಾಂಛನದಲ್ಲಿ ಕೆಂಪು ನೆಲದ ಮೇಲೆ ಒಂದಕ್ಕೊಂದು ಮುಖಮಾಡಿದ ನಾಲ್ಕು ಬೆಳ್ಳಿಯ ಅರ್ಧಚಂದ್ರಗಳಿದ್ದವು. ಮುಂದಿನ ಶಾಖೆಗಳವರು ತಮ್ಮ ಗುರಾಣಿಯ ಭಾಗಗಳಲ್ಲಿ ರಾಜಲಾಂಛನವನ್ನು ಸೇರಿಸಿಕೊಂಡರು. ಸಿಂತ್ರದ ಅರಮನೆಯಲ್ಲಿ ಮನುಎಲ್ ದೊರೆ ಮಾಡಿಸಿದ ಲಾಂಛನಗಳ ಕೊಠಡಿಯ ಚಾವಣಿಯಲ್ಲಿ 72 ಕುಲೀನ ಮನೆತನಗಳ ಗುರಾಣಿಗಳು ಬರೆದಿವೆ, ಅವುಗಳಲ್ಲಿ ಸೋಜರದ್ದೂ ಇದೆ. ಅಂತರಜಾಲದಲ್ಲಿ ಹೆಸರು ಹಾಕಿದ ಕೂಡಲೇ ಈ ಚಿತ್ರವನ್ನು ಚೌಕಟ್ಟು ಹಾಕಿಸಿ ಮಾರುವವರು ಸಿಗುತ್ತಾರೆ. ಲಾಂಛನ ಒಂದು ಮನೆಯ ಶಾಖೆಗೆ ಸಂದದ್ದೇ ಹೊರತು ಆ ಹೆಸರಿನವರೆಲ್ಲರಿಗೂ ಸಂದದ್ದಲ್ಲ; ದಾಖಲೆಯಿಂದ ಆ ಶಾಖೆಗೆ ಸೇರಿದ್ದೇವೆಂದು ತೋರಿಸಲಾಗದವರು ಅದಕ್ಕೆ ಹಣ ಕೊಡುವುದು ಬೇಡ.

ಮಧ್ಯಯುಗದ ಪತ್ರಗಳನ್ನು ನೋಡುವವರು ಕಾಲಗಣನೆಯ ಒಂದು ತೊಡಕನ್ನು ನೆನಪಿಡಬೇಕು. 1422ರವರೆಗೆ ಪೋರ್ಚುಗಲ್ಲಿನಲ್ಲಿ ಸೀಸರನ ಶಕೆ ಬಳಕೆಯಲ್ಲಿತ್ತು. ಅದು ಕ್ರಿಸ್ತಶಕಕ್ಕಿಂತ 38 ವರ್ಷ ಮುಂದಿರುತ್ತದೆ. ಪತ್ರದಲ್ಲಿ ಎರ, ಅಂದರೆ ಶಕೆ, 1320 ಎಂದಿದ್ದರೆ ಅದು 1282ನೆಯ ಇಸವಿ. ಈ ಕಳೆಯುವಿಕೆಯನ್ನು ಮರೆತವರು ಕಟ್ಟಿದ ವಂಶವೃಕ್ಷಗಳಲ್ಲಿ ಮಗ ತಂದೆಗಿಂತ ಮೊದಲು ಹುಟ್ಟಿರುತ್ತಾನೆ.

ಸಾಮಾನ್ಯರಿಗೆ ಈ ಹೆಸರು ಬಂದ ದಾರಿಗಳು

ಇಂದು ಸೋಜ ಎಂಬ ಹೆಸರು ಹೊತ್ತವರಲ್ಲಿ ಬಹುಪಾಲು ಜನಕ್ಕೆ ಆ ದೊಡ್ಡಮನೆಯ ನಂಟಿಲ್ಲ. ಹೊಳೆಯ ದಂಡೆಯಿಂದ ಹೊರಗೆ ಹೋಗಿ ನೆಲೆಸಿದ ಒಕ್ಕಲಿಗನನ್ನು ಹೊಸ ಊರಿನವರು ಸೋಜದವನು ಎಂದು ಕರೆದರು. ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನ ಹೆಸರು ಮಗುವಿಗೆ ಅಂಟಿಕೊಂಡಿತು. ಮತಾಂತರವಾದವರು ತಮಗೆ ಧರ್ಮತಂದೆಯಾದವರ ಹೆಸರನ್ನು ತೆಗೆದುಕೊಂಡರು. ಆಫ್ರಿಕದಿಂದ ಹಿಡಿದು ತಂದು ಬ್ರೆಜಿಲಿನಲ್ಲಿ ದುಡಿಸಿದ ಜನರಿಗೆ ಅನೇಕ ವೇಳೆ ಒಡೆಯನ ಕುಲನಾಮವೇ ಬಂತು. ಒಂದು ಹೆಸರು ಇಷ್ಟು ಬೇರೆ ಬೇರೆ ಬಾಗಿಲುಗಳಿಂದ ಮನೆಯೊಳಗೆ ಬರುತ್ತದೆ ಎಂಬುದನ್ನು ಒಪ್ಪಿಕೊಂಡ ಮೇಲೆ, ನಮ್ಮ ಮನೆಗೆ ಬಂದ ಬಾಗಿಲು ಯಾವುದು ಎಂದು ಕೇಳುವುದೊಂದೇ ಅರ್ಥಪೂರ್ಣ ಪ್ರಶ್ನೆಯಾಗಿ ಉಳಿಯುತ್ತದೆ. ಅದಕ್ಕೆ ಉತ್ತರ ಸಿಗುವುದು ಚರ್ಚಿನ ಪುಸ್ತಕಗಳಲ್ಲಿ.

ಪುಸ್ತಕ ತೆರೆದು ಹಿಂದಕ್ಕೆ ನಡೆಯುವುದು

ನಿಮಗೆ ಖಚಿತವಾಗಿ ಗೊತ್ತಿರುವ ಹಿರಿಯರಿಂದ ಆರಂಭಿಸಿ ಒಂದೊಂದು ತಲೆಮಾರು ಹಿಂದಕ್ಕೆ ಹೋಗಬೇಕು; ಎಗಸ್ ಗೋಮೆಸನಿಂದ ಆರಂಭಿಸಿ ಕೆಳಕ್ಕೆ ಇಳಿಯಲು ಹೋಗಬಾರದು. ಪೋರ್ಚುಗಲ್ಲಿನಲ್ಲಿ ಎಲ್ಲರಿಗೂ ಅನ್ವಯಿಸುವ ಸರ್ಕಾರಿ ಜನನ, ವಿವಾಹ, ಮರಣ ನೋಂದಣಿ ಆರಂಭವಾದದ್ದು ಗಣರಾಜ್ಯ ಬಂದ ಮರುವರ್ಷ, 1911ರಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳೇ ಗತಿ. ಜ್ಞಾನಸ್ನಾನ ಮತ್ತು ಮದುವೆಗಳನ್ನು ಬರೆದಿಡಬೇಕೆಂದು ಕಥೋಲಿಕ ಚರ್ಚಿನ ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. ಪೋರ್ಚುಗಲ್ಲಿನ ಕೆಲವು ಧರ್ಮಪ್ರಾಂತಗಳಲ್ಲಿ ಅದಕ್ಕೂ ಮೊದಲೇ ಈ ಪದ್ಧತಿಯಿತ್ತು. ಈ ಪುಸ್ತಕಗಳು ಈಗ ಚರ್ಚುಗಳಲ್ಲಿ ಇಲ್ಲ, ಜಿಲ್ಲಾ ದಫ್ತರಖಾನೆಗಳಲ್ಲಿವೆ. ಸೋಜ ಕಣಿವೆಯ ಊರುಗಳೆಲ್ಲ ಪೋರ್ತೊ ಜಿಲ್ಲೆಗೆ ಸೇರಿದವು, ಅವುಗಳ ಪುಸ್ತಕ ಪೋರ್ತೊವಿನ ಜಿಲ್ಲಾ ದಫ್ತರಖಾನೆಯಲ್ಲಿ ಸಿಗುತ್ತದೆ. ನೋಂದಣಿ ಕಚೇರಿಯಲ್ಲಿರುವ ಜನನದ ದಾಖಲೆ 100 ವರ್ಷ, ಮದುವೆಯದ್ದು 50 ವರ್ಷ, ಮರಣದ್ದು 30 ವರ್ಷ ತುಂಬಿದ ಮೇಲೆ ದಫ್ತರಖಾನೆಗೆ ಬರುತ್ತದೆ. ಪುಟಗಳ ಚಿತ್ರಗಳು ಬಹುಮಟ್ಟಿಗೆ ಅಂತರಜಾಲದಲ್ಲಿ ಉಚಿತವಾಗಿ ತೆರೆಯುತ್ತವೆ. ಡಿಜಿಟಾರ್ಕ್ ಎಂಬ ಸರ್ಕಾರಿ ತಾಣ, ಫ್ಯಾಮಿಲಿಸರ್ಚ್ ಎಂಬ ತಾಣ ಎರಡನ್ನೂ ನೋಡಬೇಕು.

ಇದಕ್ಕೆಲ್ಲ ಕೀಲಿಕೈ ಫ್ರೆಗೆಜಿಯ, ಅಂದರೆ ಚರ್ಚಿನ ವ್ಯಾಪ್ತಿಯ ಗ್ರಾಮ. ಅದು ಗೊತ್ತಿಲ್ಲದೆ ಸೋಜ ಎಂಬ ಹೆಸರೊಂದನ್ನೇ ಹಿಡಿದು ಹೋದರೆ ಸಮುದ್ರದಲ್ಲಿ ಹುಡುಕಿದಂತೆ. ವಲಸೆ ಹೋದವರ ಮನೆಯಲ್ಲಿ ಅಜ್ಜ ಪೋರ್ತೊದವರು ಎಂದು ಹೇಳುತ್ತಿದ್ದರೆ ಅದು ಹಡಗು ಹತ್ತಿದ ಜಾಗವೂ ಆಗಿರಬಹುದು. 19ನೆಯ ಶತಮಾನದಲ್ಲಿ ಬ್ರೆಜಿಲಿಗೆ ಹೋದವರ ಪಾಸ್‌ಪೋರ್ಟ್ ಪುಸ್ತಕಗಳು ಪೋರ್ತೊವಿನ ದಫ್ತರಖಾನೆಯಲ್ಲಿವೆ. ಗ್ರಾಮದ ಹೆಸರು ಸಿಗುವುದು ಅನೇಕ ಸಲ ಅಲ್ಲಿಂದ.

ಒಂದು ನಮೂದನ್ನು ಹತ್ತಿರದಿಂದ ನೋಡೋಣ. 18ನೆಯ ಶತಮಾನದ ಜ್ಞಾನಸ್ನಾನದ ಬರಹ ಸಾಮಾನ್ಯವಾಗಿ ಆಉಸ್ ದೋಜ಼ೆ ದಿಯಸ್ ದು ಮೆಸ್ ದೆ ಮಾರ್ಸು ಎಂಬಂತೆ ಆರಂಭವಾಗುತ್ತದೆ: ಮಾರ್ಚ್ ತಿಂಗಳ ಹನ್ನೆರಡನೆಯ ದಿನ. ಇಸವಿಯನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆದಿರುತ್ತಾರೆ, ಆದ್ದರಿಂದ ಪೋರ್ಚುಗೀಸಿನ ಸಂಖ್ಯಾಪದಗಳನ್ನು ನೂರರವರೆಗೆ ಕಲಿತುಕೊಳ್ಳುವುದು ಒಳ್ಳೆಯದು. ಅನಂತರ ಬಪ್ತಿಜ಼ೇಯಿ ಇ ಪುಸ್ ಉಸ್ ಸಾಂತುಸ್ ಓಲಿಯುಸ್, ಜ್ಞಾನಸ್ನಾನ ಮಾಡಿಸಿ ಪವಿತ್ರ ತೈಲ ಹಚ್ಚಿದೆ, ಎಂಬ ಮಾತು. ಆಮೇಲೆ ಮಗುವಿನ ಹೆಸರು ಬರುತ್ತದೆ, ಮನುಎಲ್ ಎಂದಷ್ಟೆ, ಕುಲನಾಮ ಇರುವುದಿಲ್ಲ. ಬಳಿಕ ಫಿಲ್ಯು ಲೆಜಿತಿಮು ದೆ, ಇಂಥವರ ವಿವಾಹಬದ್ಧ ಮಗ, ಎಂದು ತಂದೆತಾಯಿಯರ ಹೆಸರು. ದು ಲುಗಾರ್ ದು ಕರ್ವಾಲ್ಯು, ಕರ್ವಾಲ್ಹೊ ಎಂಬ ಕೇರಿಯವರು, ಎಂದು ವಾಸಸ್ಥಳ. ಕೊನೆಯಲ್ಲಿ ಪದ್ರಿಂಯುಸ್ ಎಂದು ಧರ್ಮತಂದೆ ಧರ್ಮತಾಯಿಯರ ಹೆಸರು, ಪಾದ್ರಿಯ ಸಹಿ. ಇಲ್ಲಿ ಕರ್ವಾಲ್ಯು ಎಂಬುದು ಕೇರಿಯ ಹೆಸರೇ ಹೊರತು ಕುಲನಾಮವಲ್ಲ. ಆತುರದಲ್ಲಿ ಓದುವವರು ಅದನ್ನು ಕುಟುಂಬದ ಹೆಸರೆಂದು ಬರೆದುಕೊಳ್ಳುತ್ತಾರೆ. 1860ರಿಂದ ಈಚೆಗೆ ನಮೂದಿನ ಮಾದರಿ ಏಕರೂಪವಾಗಿ, ಅಜ್ಜ ಅಜ್ಜಿಯರ ಹೆಸರನ್ನೂ ಬರೆಯಲೇಬೇಕೆಂದಾಯಿತು. ಎರಡು ತಲೆಮಾರು ಒಂದೇ ಪುಟದಲ್ಲಿ ಸಿಗುವುದರಿಂದ ಹೊಸಬರು ಈ ಕಾಲದ ಪುಸ್ತಕಗಳಿಂದ ಓದುವುದನ್ನು ರೂಢಿಸಿಕೊಂಡು ಹಿಂದಕ್ಕೆ ಹೋಗುವುದು ಸುಲಭ.

ಮಗುವಿಗೆ ಕುಲನಾಮ ಬರೆಯುತ್ತಿರಲಿಲ್ಲ ಎಂಬ ಈ ಸಂಗತಿಯಲ್ಲಿಯೇ ಪೋರ್ಚುಗೀಸ್ ಹುಡುಕಾಟದ ಅತಿ ದೊಡ್ಡ ತೊಡಕು ಅಡಗಿದೆ. ದೊಡ್ಡವನಾದ ಮೇಲೆ ತಂದೆಯ, ತಾಯಿಯ, ಅಜ್ಜಿಯ ಅಥವಾ ಧರ್ಮತಂದೆಯ ಕುಲನಾಮಗಳಲ್ಲಿ ಒಂದನ್ನು ಮನುಷ್ಯ ತಾನೇ ಬಳಸತೊಡಗುತ್ತಿದ್ದ. ಒಂದೇ ಮನೆಯ ಅಣ್ಣ ಸೋಜ, ತಮ್ಮ ಫೆರೇರ, ತಂಗಿ ಮರಿಯ ದ ಕ್ರೂಜ್ ಆಗಿರುವುದು ಅಲ್ಲಿ ಅಸಹಜವಲ್ಲ. ಹೆಣ್ಣುಮಕ್ಕಳು ಹೆಚ್ಚಾಗಿ ತಾಯಿಯ ಅಥವಾ ಅಜ್ಜಿಯ ಹೆಸರನ್ನೋ, ಜ಼ೆಜ಼ುಸ್, ರೊಜಾರಿಯು ಎಂಬಂಥ ಭಕ್ತಿನಾಮವನ್ನೋ ಇಟ್ಟುಕೊಳ್ಳುತ್ತಿದ್ದರು, ಮದುವೆಯಾದರೂ ಗಂಡನ ಹೆಸರು ತೆಗೆದುಕೊಳ್ಳುತ್ತಿರಲಿಲ್ಲ. ಆ ರೂಢಿ ಬಂದದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ. ಇಂದಿನ ಪದ್ಧತಿಯಲ್ಲಿ ತಾಯಿಯ ಕುಲನಾಮ ಮೊದಲು, ತಂದೆಯದು ಕೊನೆಗೆ ಬರುತ್ತದೆ, ನಡುವೆ ಇ ಎಂಬ ಮತ್ತು ಎಂಬರ್ಥದ ಅಕ್ಷರ ಇದ್ದರೂ ಇರಬಹುದು. ಹಿಂದೆ ಈ ಕ್ರಮವೂ ನಿಶ್ಚಿತವಾಗಿರಲಿಲ್ಲ. ನಾನು ಮೊದಲು ಈ ಪುಸ್ತಕಗಳನ್ನು ಓದತೊಡಗಿದಾಗ ಸೋಜ ಎಂದಿರುವ ನಮೂದುಗಳನ್ನು ಮಾತ್ರ ಗುರುತು ಹಾಕಿಕೊಂಡು ಹೋಗಿ, ವಾರಗಳ ನಂತರ ನನ್ನ ಪಟ್ಟಿಯಲ್ಲಿದ್ದವರು ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರೆಂದು ಕಂಡುಕೊಂಡೆ. ನನಗೆ ಬೇಕಾದವನ ಒಡಹುಟ್ಟಿದವರೆಲ್ಲ ಬೇರೆ ಕುಲನಾಮಗಳಲ್ಲಿ ಅದೇ ಪುಟಗಳಲ್ಲಿ ಇದ್ದರು. ಅಂದಿನಿಂದ ನಾನು ಹಿಡಿದಿರುವ ಕ್ರಮವೆಂದರೆ ಕುಲನಾಮವನ್ನು ಬಿಟ್ಟು ತಂದೆ ತಾಯಿಯರ ಇಟ್ಟ ಹೆಸರಿನ ಜೋಡಿ, ಕೇರಿಯ ಹೆಸರು, ಧರ್ಮತಂದೆಯ ಹೆಸರು ಈ ಮೂರನ್ನು ಹಿಡಿದು ಹೋಗುವುದು. ಮೂರೂ ಕೂಡಿಬಂದರೆ ಮನುಷ್ಯ ಅವನೇ.

ಪಾದ್ರಿಗಳು ಹೆಸರುಗಳನ್ನು ಮೊಟಕು ಮಾಡಿ ಬರೆಯುತ್ತಿದ್ದರು. ರೊಯಿಜ಼್ ಎಂದು ಕಂಡರೆ ಅದು ರೊಡ್ರಿಗಸ್. ಎಫ್, ಆರ್, ಜ಼ಡ್ ಮೂರೇ ಅಕ್ಷರವಿದ್ದರೆ ಫೆರ್ನಾಂಡಿಸ್. ಜಿ, ಎಲ್, ಜ಼ಡ್ ಇದ್ದರೆ ಗೊನ್ಸಾಲ್ವಿಸ್. ಎಂ ಅಕ್ಷರದ ಮೇಲೆ ಸಣ್ಣದಾಗಿ ಇ, ಎಲ್ ಎಂದಿದ್ದರೆ ಮನುಎಲ್. ಅದೇ ಪಾದ್ರಿಯ ಕೈಬರಹದ ಹತ್ತು ಪುಟಗಳನ್ನು ಮೊದಲು ಸುಮ್ಮನೆ ಓದಿ ಅವನ ಅಕ್ಷರದ ಪರಿಚಯ ಮಾಡಿಕೊಂಡು, ಆಮೇಲೆ ಬೇಕಾದ ಹೆಸರನ್ನು ಹುಡುಕಬೇಕು. ಇನ್ನೊಂದು ಸಂಗತಿ ನಮ್ಮ ಕಡೆಯವರಿಗೆ ವಿಚಿತ್ರವೆನಿಸಬಹುದು: ಹಳೆಯ ಪೋರ್ಚುಗೀಸ್ ಸೂಚಿಗಳು ಅನೇಕ ವೇಳೆ ಕುಲನಾಮದ ಅಕಾರಾದಿಯಲ್ಲಿ ಇರುವುದಿಲ್ಲ, ಇಟ್ಟ ಹೆಸರಿನ ಅಕಾರಾದಿಯಲ್ಲಿರುತ್ತವೆ. ಅಂತೋನಿಯು ದೆ ಸೋಜ ಬೇಕಾದರೆ ಅಂತೋನಿಯುಗಳ ನಡುವೆ ನೋಡಬೇಕು.

ಚರ್ಚಿನ ಪುಸ್ತಕಗಳು ನಿಂತಲ್ಲಿ ಲಿಸ್ಬನ್ನಿನ ತೋರೆ ದು ತೊಂಬು ನೆರವಿಗೆ ಬರುತ್ತದೆ. 14ನೆಯ ಶತಮಾನದಲ್ಲಿ ಲಿಸ್ಬನ್ ಕೋಟೆಯ ಒಂದು ಗೋಪುರದಲ್ಲಿ ಆರಂಭವಾದ ಈ ರಾಷ್ಟ್ರೀಯ ದಫ್ತರಖಾನೆ 1755ರ ಮಹಾಭೂಕಂಪದಲ್ಲಿ ಗೋಪುರ ಕುಸಿದರೂ ಉಳಿದುಕೊಂಡಿತು. 1990ರಿಂದ ವಿಶ್ವವಿದ್ಯಾಲಯದ ಆವರಣದ ಹೊಸ ಕಟ್ಟಡದಲ್ಲಿದೆ. ಪಾದ್ರಿಯಾಗಲು, ಇನ್‌ಕ್ವಿಸಿಷನ್ನಿನ ಸಹಾಯಕನಾಗಲು, ಸರ್ಕಾರಿ ನ್ಯಾಯಾಧೀಶನಾಗಲು ಅರ್ಜಿ ಹಾಕಿದವರ ಕುಲಶುದ್ಧಿಯನ್ನು ಅಂದಿನ ಅಧಿಕಾರಿಗಳು ಊರೂರಿಗೆ ಹೋಗಿ, ಅಜ್ಜ ಅಜ್ಜಿಯರವರೆಗೆ ಸಾಕ್ಷಿ ಕೇಳಿ ಬರೆದಿಡುತ್ತಿದ್ದರು. ಯಹೂದಿ ಅಥವಾ ಮುಸ್ಲಿಂ ಮೂಲದವರನ್ನು ಹೊರಗಿಡಲೆಂದೇ ಮಾಡಿದ ಕ್ರೂರ ವ್ಯವಸ್ಥೆಯದು. ಹಳೆಯ ಹೊಸ ಕ್ರೈಸ್ತರೆಂಬ ಭೇದವನ್ನು 1773ರಲ್ಲಿ ಕಾನೂನಿನಿಂದ ತೆಗೆದುಹಾಕಲಾಯಿತು. ಆದರೆ ಆ ಕಡತಗಳಲ್ಲಿ ಓದುಬರಹ ಬಾರದ ರೈತರ, ಕಮ್ಮಾರರ, ಮೀನುಗಾರರ ಮಾತುಗಳು ಉಳಿದುಕೊಂಡಿವೆ. ನಿಮ್ಮ ಪೂರ್ವಜನದಲ್ಲದಿದ್ದರೂ ಅವನ ಅಣ್ಣನ ಮಗನ ಅರ್ಜಿಯೊಂದು ಸಿಕ್ಕಿದರೆ ಮೂರು ತಲೆಮಾರು ಒಟ್ಟಿಗೆ ತೆರೆದುಕೊಳ್ಳುತ್ತದೆ.

ಕರಾವಳಿಯ ಡಿಸೋಜರು ಎಲ್ಲಿಂದ ಆರಂಭಿಸಬೇಕು

ಮಾರ್ತಿಂ ಅಫೊನ್ಸು ದೆ ಸೋಜ ಎಂಬವನು 1532ರಲ್ಲಿ ಬ್ರೆಜಿಲಿನ ಸಾವ್ ವಿಸೆಂತೆ ವಸಾಹತನ್ನು ಸ್ಥಾಪಿಸಿದವನು. 1542ರ ಮೇ ತಿಂಗಳಲ್ಲಿ ಅವನು ಪೋರ್ಚುಗೀಸ್ ಇಂಡಿಯಾದ ಗವರ್ನರನಾಗಿ ಗೋವೆಗೆ ಬಂದಾಗ ಅವನ ಹಡಗಿನಲ್ಲಿಯೇ ಫ್ರಾನ್ಸಿಸ್ ಝೇವಿಯರ್ ಬಂದರು. ಅದೇ ವರ್ಷ ಕಪ್ಪ ಸಲ್ಲಿಸಲಿಲ್ಲವೆಂದು ಭಟ್ಕಳದ ಮೇಲೆ ದಾಳಿ ಮಾಡಿ ಊರನ್ನು ಸುಟ್ಟವನೂ ಅವನೇ, 1545ರವರೆಗೆ ಅಧಿಕಾರದಲ್ಲಿದ್ದ. ಇಷ್ಟು ಪ್ರಸಿದ್ಧನೊಬ್ಬ ಸಿಕ್ಕಿದ ಕೂಡಲೇ ನಾವು ಅವನ ವಂಶದವರು ಎಂದು ಬರೆದುಕೊಳ್ಳುವ ಆಸೆ ಸಹಜ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ: ಗೋವೆ ಮತ್ತು ಮಂಗಳೂರಿನ ಡಿಸೋಜರಲ್ಲಿ ಬಹುತೇಕರು ರಕ್ತದಿಂದ ಪೋರ್ಚುಗೀಸರಲ್ಲ, ಇಲ್ಲಿಯ ಕೊಂಕಣಿ ಜನ. 16ನೆಯ ಶತಮಾನದ ಗೋವೆಯಲ್ಲಿ ಜ್ಞಾನಸ್ನಾನ ಪಡೆದವರಿಗೆ ಧರ್ಮತಂದೆಯಾಗಿ ನಿಂತ ಅಧಿಕಾರಿಯದೋ, ಸೈನಿಕನದೋ, ಪಾದ್ರಿಯದೋ ಕುಲನಾಮ ಬಂತು; ಗುಂಪಾಗಿ ದೀಕ್ಷೆ ಪಡೆದವರಿಗೆ ಒಂದೇ ಹೆಸರು ಬಂದದ್ದೂ ಉಂಟು. ಹೀಗಾಗಿ ಒಂದೇ ಊರಿನ ಇಬ್ಬರು ಡಿಸೋಜರು ನೆಂಟರಾಗಿರಬೇಕೆಂದಿಲ್ಲ, ಒಬ್ಬ ಡಿಸೋಜ ಮತ್ತು ಒಬ್ಬ ಪಿಂಟೊ ದಾಯಾದಿಗಳಾಗಿರಲೂಬಹುದು.

ಇಲ್ಲಿಯವರು ಹುಡುಕಾಟವನ್ನು ಲಿಸ್ಬನ್ನಿನಿಂದ ಆರಂಭಿಸುವುದು ವ್ಯರ್ಥ. ತಮ್ಮ ಇಗರ್ಜಿಯ, ಅಂದರೆ ಚರ್ಚಿನ, ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳಿಂದ, ಧರ್ಮಗುರುಗಳ ಅನುಮತಿ ಪಡೆದು ಆರಂಭಿಸಬೇಕು. 1568ರಲ್ಲಿ ಸ್ಥಾಪನೆಯಾದ ಬೋಳಾರದ ರೊಸಾರಿಯೊ, 1680ರ ಮಿಲಾಗ್ರಿಸ್ ಮುಂತಾದ ಹಳೆಯ ಚರ್ಚುಗಳಿದ್ದರೂ, ಟಿಪ್ಪು ಸುಲ್ತಾನನ ಆಜ್ಞೆಯಂತೆ 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದು, ಚರ್ಚುಗಳನ್ನು ಕೆಡವಿದ್ದರಿಂದ ಪುಸ್ತಕಗಳ ಸಾಲು ಅಲ್ಲಿ ತುಂಡಾಗುತ್ತದೆ. 1799ರಲ್ಲಿ ಬಿಡುಗಡೆಯಾಗಿ ಮರಳಿದವರು ಮತ್ತೆ ನೆಲೆ ಕಂಡ ಮೇಲಿನ, ಅಂದರೆ 19ನೆಯ ಶತಮಾನದ ನಮೂದುಗಳೇ ಸಾಮಾನ್ಯವಾಗಿ ಕೈಗೆ ಸಿಗುವ ಹಳೆಯ ಆಧಾರ. ಆ ತುಂಡಾದ ಜಾಗವನ್ನು ದಾಟಲು ಮನೆಯ ಹಿರಿಯರ ನೆನಪು ಬೇಕಾಗುತ್ತದೆ. ಕೆಲವು ಮನೆಗಳಲ್ಲಿ ಮತಾಂತರಕ್ಕೆ ಮೊದಲಿನ ಹೆಸರು ಇಂದಿಗೂ ನೆನಪಿನಲ್ಲಿದೆ: ಪ್ರಭು, ಶೇಟ್, ಕಾಮತ್, ನಾಯಕ್, ಪೈ. ಲೋಬೊ ಪ್ರಭು ಎಂಬಂತೆ ಎರಡನ್ನೂ ಒಟ್ಟಿಗೆ ಹೊತ್ತವರೂ ಇದ್ದಾರೆ. ಆ ಹೆಸರು, ಜೊತೆಗೆ ಗೋವೆಯ ಯಾವ ಊರಿನಿಂದ ಬಂದವರೆಂಬ ಮಾತು, ಬಾರ್ದೇಸಿನದೋ ಸಾಷ್ಟಿಯದೋ, ಇವೆರಡು ಸಿಕ್ಕಿದರೆ ಪಣಜಿಯ ಸರ್ಕಾರಿ ದಫ್ತರಖಾನೆಗೆ ಹೋಗಬಹುದು. 1595ರಲ್ಲಿ ಆರಂಭವಾದ ಆ ಸಂಸ್ಥೆಯ ಮೊದಲ ಮುಖ್ಯಸ್ಥ ಇತಿಹಾಸಕಾರ ದಿಯೋಗು ದು ಕೋತು. ಊರಿನ ಜಮೀನನ್ನು ಒಟ್ಟಾಗಿ ಹಿಡಿದಿದ್ದ ಮನೆತನಗಳ ಕೂಟಗಳಾದ ಗೋವೆಯ ಗಾಂವಕಾರಿ ಸಂಘಗಳ ಪುಸ್ತಕಗಳಲ್ಲಿ ಪಾಲುದಾರ ಮನೆತನಗಳನ್ನು ವಾಂಗೋಡ್ ಎಂಬ ಕುಲವಿಭಾಗದಂತೆ ಬರೆದಿರುವುದರಿಂದ, ಪೋರ್ಚುಗೀಸ್ ಹೆಸರಿನ ಕೆಳಗೆ ಮುಚ್ಚಿಹೋದ ಮನೆ ಅಲ್ಲಿ ಕಾಣಿಸಬಹುದು.

ಮನೆಯ ಕಥೆಗಳನ್ನು ಬರೆದುಕೊಳ್ಳುವಾಗ ಅವು ಕಥೆಗಳೆಂದೇ ಗುರುತು ಹಾಕಿ. ಅಮೆರಿಕದ ಬ್ಯಾಂಡ್ ಸಂಗೀತಕಾರ ಜಾನ್ ಫಿಲಿಪ್ ಸೋಜ ಅವರ ನಿಜವಾದ ಹೆಸರು ಸೋ, ದೇಶಪ್ರೇಮದಿಂದ ಅದರ ಕೊನೆಗೆ ಯುಎಸ್ಎ ಎಂಬ ಅಕ್ಷರಗಳನ್ನು ಸೇರಿಸಿಕೊಂಡರು ಎಂಬ ಕಥೆ ಬಹಳ ಕಾಲ ಓಡಾಡಿತು. ಅವರು 1854ರಲ್ಲಿ ವಾಷಿಂಗ್ಟನ್ನಿನಲ್ಲಿ ಹುಟ್ಟಿದಾಗಲೇ ತಂದೆಯ ಹೆಸರು ಸೋಜ ಎಂದಿತ್ತು. ತಂದೆ ಪೋರ್ಚುಗೀಸ್ ದಂಪತಿಗಳ ಮಗ. ಒಂದು ಜ್ಞಾನಸ್ನಾನದ ನಮೂದಿನಿಂದ ಕಳಚಿ ಬೀಳುವಂಥ ಕಥೆ ನೂರು ವರ್ಷ ಬದುಕಬಲ್ಲದು. ಆದ್ದರಿಂದ ಪ್ರತಿ ಹೆಸರಿನ ಎದುರಿಗೆ ಅದು ಸಿಕ್ಕಿದ ಚರ್ಚು, ಪುಸ್ತಕದ ಸಂಖ್ಯೆ, ಹಾಳೆಯ ಸಂಖ್ಯೆ, ನೋಡಿದ ತಾರೀಕು ಇಷ್ಟನ್ನೂ ಬರೆದಿಡಿ, ಪುಟದ ಚಿತ್ರವನ್ನು ಜೊತೆಗೆ ಉಳಿಸಿಕೊಳ್ಳಿ. ಸಾಕ್ಷಿಯಿಲ್ಲದ ಹೆಸರನ್ನು ವಂಶವೃಕ್ಷದಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ, ಸಾಕ್ಷಿ ಸಿಕ್ಕಿದ ದಿನ ಅದರ ಮೇಲೆ ಶಾಯಿ ಹಾಯಿಸಿ.